ರಟ್ಟಿನ ದೀಪ: ಎರಡೇ ಕಡೆ ಬೆಳಕು ಏಕೆ?

ಪ್ರಶ್ನೆ: ಆನ್‌ಲೈನ್ ಸಾಮಾನು ಬಂದ ರಟ್ಟಿನ ಡಬ್ಬಗಳನ್ನು ಬಳೆ ಆಕಾರದಲ್ಲಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಮೇಜಿನ ದೀಪ ಮಾಡಿದ್ದೇನೆ. ಎತ್ತರ ಸುಮಾರು 20 ಸೆಂ.ಮೀ. ಹಚ್ಚಿದರೆ ಮುಂದೆ ಮತ್ತು ಹಿಂದೆ ಮಾತ್ರ ಬೆಳಕು, ಎರಡೂ ಪಕ್ಕ ಕತ್ತಲೆ. ತಪ್ಪಾದದ್ದು ಎಲ್ಲಿ? ಒಳಗೆ ಯಾವ ಬಲ್ಬ್ ಹಾಕಬೇಕು? ಬೆಂಕಿ ಹತ್ತುವ ಭಯ ಇದೆಯಾ?
– ಓದುಗರು, ಉಡುಪಿ

ಉತ್ತರ: ಕತ್ತರಿಸಿದ ರಟ್ಟಿನ ಅಂಚನ್ನು ಹತ್ತಿರದಿಂದ ನೋಡಿ. ಎರಡು ಕಾಗದದ ನಡುವೆ ಅಲೆ ಅಲೆಯಾದ ಇನ್ನೊಂದು ಕಾಗದ ಇದೆ, ಅಲ್ವಾ? ಆ ಅಲೆಗಳ ನಡುವಿನ ಸಣ್ಣ ಕೊಳವೆಗಳಿಂದಲೇ ಬೆಳಕು ಹೊರಗೆ ಬರುವುದು. ಒಂದು ಹಾಳೆಯಲ್ಲಿ ಕೊಳವೆಗಳೆಲ್ಲ ಒಂದೇ ದಿಕ್ಕಿಗೆ ಇರುತ್ತವೆ. ಹಾಗಾಗಿ ಬಳೆಯ ಎದುರುಬದುರಿನ ಎರಡು ಕಡೆ ಮಾತ್ರ ಅವು ಬಲ್ಬಿನಿಂದ ನೇರ ಹೊರಗೆ ತೆರೆದುಕೊಳ್ಳುತ್ತವೆ. ಪಕ್ಕಕ್ಕೆ ಬಂದರೆ ಅದೇ ಕೊಳವೆ ಬೆಳಕಿಗೆ ಅಡ್ಡ ಗೋಡೆ. ನೀವು ಎಲ್ಲ ಪದರಗಳನ್ನೂ ಒಂದೇ ದಿಕ್ಕಿಗೆ ಜೋಡಿಸಿದ್ದೀರಿ, ಅಷ್ಟೇ.

ಪ್ರತಿ ಪದರವನ್ನು ಕೆಳಗಿನದಕ್ಕಿಂತ 15 ಡಿಗ್ರಿ ತಿರುಗಿಸಿ ಅಂಟಿಸಬೇಕು. 12 ಪದರಕ್ಕೆ 180 ಡಿಗ್ರಿ ಆಗಿ, ಕೊಳವೆಗಳು ಮತ್ತೆ ಮೊದಲಿನ ದಿಕ್ಕಿಗೆ ಬರುತ್ತವೆ. ಆಗ ಯಾವ ಕಡೆಯಿಂದ ನೋಡಿದರೂ ಕೆಲವು ಪದರಗಳಾದರೂ ಹೊಳೆಯುತ್ತವೆ. ದೀಪದ ಸುತ್ತ ನಡೆದರೆ ಹೊಳಪು ಪದರದಿಂದ ಪದರಕ್ಕೆ ಜಾರುವುದು ಕಾಣುತ್ತದೆ. ಈ ಬಗೆಯ ದೀಪದ ಚೆಂದವೆಲ್ಲ ಅದರಲ್ಲೇ ಇದೆ. ಆಕಾರ ದುಂಡಗಿಲ್ಲದಿದ್ದರೆ ಪದರ ತಿರುಗಿಸಲು ಆಗುವುದಿಲ್ಲ. ಆಗ ಅಚ್ಚನ್ನೇ ಪ್ರತಿ ಪದರಕ್ಕೂ ಹಿಂದಿನದಕ್ಕಿಂತ 15 ಡಿಗ್ರಿ ಹೆಚ್ಚು ಓರೆಯಾಗಿ ರಟ್ಟಿನ ಮೇಲಿಟ್ಟು ಗೆರೆ ಎಳೆಯಿರಿ.

ಮಾಡಿದ್ದನ್ನು ಎಸೆಯಬೇಡಿ. 3 ಪ್ಲೈ (ಮೂರು ಕಾಗದದ) ರಟ್ಟು ಸುಮಾರು 3 ಮಿ.ಮೀ. ದಪ್ಪ. ನಿಮ್ಮ ದೀಪದಲ್ಲಿ 65ರಷ್ಟು ಪದರ ಇರಬಹುದು. ಉದ್ದನೆಯ ಬ್ಲೇಡಿನಿಂದ ಐದೈದು ಪದರಕ್ಕೊಮ್ಮೆ ಬಿಡಿಸಿ, ಒಂದೊಂದು ಕಟ್ಟನ್ನೂ ಕೆಳಗಿನದಕ್ಕಿಂತ 15 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಿ. ಪಟ್ಟಿ ಪಟ್ಟಿಯಾಗಿ ಬೆಳಕು ಬರುತ್ತದೆ. ನನಗೇನೋ ಅದೇ ಜಾಸ್ತಿ ಇಷ್ಟ.

ಬೆಳಕು ಮಂಕಾಗಲು ಇನ್ನೊಂದು ಕಾರಣ ಮೊಂಡು ಬ್ಲೇಡ್. ಅದು ರಟ್ಟನ್ನು ಕತ್ತರಿಸುವ ಬದಲು ಅದುಮುತ್ತದೆ, ಕೊಳವೆಯ ಬಾಯಿ ಮುಚ್ಚಿಹೋಗುತ್ತದೆ. ಹೊಸ ಬ್ಲೇಡ್ ಹಾಕಿ, ಒಂದೇ ಏಟಿಗೆ ಕತ್ತರಿಸದೆ ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಬಳೆಯ ಅಗಲ 2 ಸೆಂ.ಮೀ. ಸಾಕು. ಅಗಲ ಹೆಚ್ಚಾದಷ್ಟೂ ಬೆಳಕು ಒಳಗೇ ಉಳಿಯುತ್ತದೆ. ಫೆವಿಕಾಲನ್ನು ಚುಕ್ಕೆ ಚುಕ್ಕೆಯಾಗಿ ಹಚ್ಚಿ. ಬಳಿದರೆ ನೀರಿನಂಶಕ್ಕೆ ರಟ್ಟು ಸೊಟ್ಟಗಾಗುತ್ತದೆ.

ಬಲ್ಬ್ ಎಲ್‌ಇಡಿ ಮಾತ್ರ. 3 ವ್ಯಾಟ್ ಸಾಕು, 5 ದಾಟಬೇಡಿ. 2700 ಅಥವಾ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕಿನದನ್ನು ತನ್ನಿ. 6500ರ ಬಿಳಿ ಬೆಳಕಿನಲ್ಲಿ ರಟ್ಟು ಕೆಸರು ಮೆತ್ತಿದ ಹಾಗೆ ಕಾಣುತ್ತದೆ. ಹಳೆಯ ಫಿಲಮೆಂಟ್ ಬಲ್ಬ್, ಮೇಣದಬತ್ತಿ, ಎಣ್ಣೆ ದೀಪ ಯಾವುದೂ ಬೇಡ. ಫಿಲಮೆಂಟ್ ಬಲ್ಬಿನ ಗಾಜು 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುತ್ತದೆ. ಎಲ್‌ಇಡಿಯಲ್ಲಿ ಬಿಸಿಯಾಗುವುದು ಬುಡ. ಗಾಳಿ ಆಡದಿದ್ದರೆ ಒಳಗಿನ ಸರ್ಕ್ಯೂಟ್ ಬೇಗ ಕೆಡುತ್ತದೆ. ಸುತ್ತ 5 ಸೆಂ.ಮೀ. ಜಾಗ ಬಿಡಿ, ಮೇಲ್ಗಡೆ ತೆರೆದಿರಲಿ, ಕೆಳಗೂ ಗಾಳಿಗೆ ದಾರಿ ಇರಲಿ.

ನಾನು ಹೆದರುವುದು ವೈರಿಗೆ. ಸಡಿಲವಾದ ಜಾಯಿಂಟಿನ ಕಿಡಿಗೆ ಒಣ ರಟ್ಟು ಸಾಕಲ್ಲ! ಪ್ಲೈವುಡ್ ತುಂಡಿಗೆ ಬ್ಯಾಟನ್ ಹೋಲ್ಡರ್ (ಮಟ್ಟಸ ಜಾಗದ ಮೇಲೆ ಕೂರಿಸುವ ಬಲ್ಬ್ ಹೋಲ್ಡರ್) ಸ್ಕ್ರೂ ಮಾಡಿ. ಪ್ಲಗ್ಗಿನಿಂದ ಹೋಲ್ಡರಿನವರೆಗೆ ವೈರ್ ಒಂದೇ ತುಂಡಾಗಿರಲಿ, ನಡುವೆ ಟೇಪ್ ಸುತ್ತಿದ ಜಾಯಿಂಟ್ ಬೇಡ. ರಟ್ಟಿನ ಕವಚವನ್ನು ಪ್ಲೈವುಡ್ಡಿಗೆ ಅಂಟಿಸದೆ ಸುಮ್ನೆ ಮೇಲೆ ಕೂರಿಸಿ, ಬಲ್ಬ್ ಬದಲಿಸುವಾಗ ಎತ್ತಿದರಾಯಿತು. ಹೊರಗೆ ಹೋಗುವಾಗ, ಮಲಗುವಾಗ ಪ್ಲಗ್ ತೆಗೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ರಟ್ಟು ಮೆತ್ತಗಾಗಿ, ಜಿರಳೆ ಬರುತ್ತದೆ ಅನ್ನುತ್ತಾರೆ. ಇದು ಬಾಳಿಕೆ ಬರುವ ವಸ್ತುವಾ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ವಾಸ್ತುಶಿಲ್ಪಿ ಫ್ರಾಂಕ್ ಗೆರಿ 1972ರಲ್ಲಿ ಪದರ ಪದರವಾಗಿ ಅಂಟಿಸಿದ ಇದೇ ಬಗೆಯ ರಟ್ಟಿನಿಂದ ಕುರ್ಚಿ ಮಾಡಿದ್ದರು. ಅದು ಇಂದಿಗೂ ಮಾರಾಟಕ್ಕಿದೆ. ಜನ ಕೂತರೂ ತಡೆಯುತ್ತದೆ ಅಂದಮೇಲೆ ದೀಪದ ಭಾರ ಏನು ಮಹಾ!

ಮಲೆನಾಡಿನ ತೇವ ಮಾತ್ರ ನಿಜವಾದ ತೊಂದರೆ. ರಟ್ಟಿನ ಪದರಗಳನ್ನು ಕಾರ್ಖಾನೆಯಲ್ಲಿ ಪಿಷ್ಟದ ಅಂಟಿನಿಂದ ಕೂಡಿಸುತ್ತಾರೆ, ಜಿರಳೆ ಮತ್ತು ಬೆಳ್ಳಿಹುಳಕ್ಕೆ ಅದು ಊಟ. 1 ಲೀಟರ್ ಬಿಸಿನೀರಿಗೆ 100 ಗ್ರಾಂ ಬೊರಾಕ್ಸ್ (ಬಿಳಿಗಾರ), 45 ಗ್ರಾಂ ಬೋರಿಕ್ ಪುಡಿ ಕರಗಿಸಿ, ಜೋಡಿಸುವ ಮೊದಲೇ ಪದರಗಳಿಗೆ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ಮಟ್ಟಸವಾಗಿಟ್ಟು ಒಣಗಿಸಿ. ಹುಳದ ಕಾಟ ಕಡಿಮೆಯಾಗುತ್ತದೆ, ರಟ್ಟಿಗೆ ಬೆಂಕಿ ಹಿಡಿಯುವುದೂ ನಿಧಾನವಾಗುತ್ತದೆ. ಹಾಗಂತ ಬೆಂಕಿಯೇ ಹತ್ತುವುದಿಲ್ಲ ಎಂದುಕೊಳ್ಳಬೇಡಿ. ಈ ಪುಡಿ, ಈ ನೀರು ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗದಿರಲಿ.

ರಟ್ಟು ಆರಿಸುವಾಗ ಹಣ್ಣಿನ ಅಂಗಡಿಯ ಸೇಬಿನ ಡಬ್ಬ ಕೇಳಿ ನೋಡಿ, ಗಟ್ಟಿ ಇರುತ್ತದೆ. ಒಮ್ಮೆ ನೆನೆದು ಒಣಗಿದ್ದು ಬೇಡ. ಬೆರಳಿನಿಂದ ಒತ್ತಿದಾಗ ತಗ್ಗು ಹಾಗೇ ಉಳಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.