ರಸಾಯನಶಾಸ್ತ್ರದಿಂದ ಪರಿಸರಕ್ಕೆ ನಿಜವಾಗಿ ಏನು ಉಪಯೋಗ?

ರಾಸಾಯನಿಕಗಳಿಂದಲೇ ನೀರು ಕೆಡುತ್ತಿರುವಾಗ ರಸಾಯನಶಾಸ್ತ್ರ ಹೇಗೆ ನೆರವಾಗುತ್ತದೆ ಅಂತ ಕೇಳಿದ್ದೀರಿ. ಪಾವಗಡ ಕಡೆಯ ಕೊಳವೆಬಾವಿ ನೀರನ್ನೇ ನೋಡಿ. ಅಲ್ಲಿ ಕಾರ್ಖಾನೆಯ ಕೊಳಕು ಕಾರಣವಲ್ಲ. ನೆಲದಡಿಯ ಗ್ರಾನೈಟ್ ಬಂಡೆಯಿಂದಲೇ ಫ್ಲೋರೈಡ್ ಎಂಬ ರಾಸಾಯನಿಕ ಕರಗಿ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಜಾಸ್ತಿಯಾದರೆ ಮೂಳೆಯೇ ಬಾಗಬಹುದು. ಕುದಿಸಿದರೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಆದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ಇದಕ್ಕೆ ಒಂದು ಉತ್ತರ ಆಕ್ಟಿವೇಟೆಡ್ ಅಲ್ಯುಮಿನಾ. ಅಲ್ಯುಮಿನಿಯಂ ಆಕ್ಸೈಡಿನ ಸಣ್ಣ ಬಿಳಿ ಕಾಳುಗಳು, ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ನೀರು ಇವುಗಳ ನಡುವೆ ಹರಿಯುವಾಗ ಫ್ಲೋರೈಡ್ ಆ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಆಮ್ಲೀಯ ನೀರಿನಲ್ಲಿ ಚೆನ್ನಾಗಿ ಅಂಟುತ್ತದೆ, ಕ್ಷಾರ ಜಾಸ್ತಿಯಾದರೆ ಬಿಟ್ಟುಕೊಡುತ್ತದೆ. ಈ ಗುಣವೇ ನನಗೆ ಬಹಳ ಇಷ್ಟ. ಕಾಳಿನ ಮೇಲೆಲ್ಲ ಫ್ಲೋರೈಡ್ ತುಂಬಿದ ನಂತರ ಕಾಸ್ಟಿಕ್ ಸೋಡಾ ಎಂಬ ಕ್ಷಾರದ ದ್ರಾವಣದಲ್ಲಿ ತೊಳೆದು, ತೆಳು ಆಮ್ಲ ಹಾಕಿದರೆ ಮತ್ತೆ ಬಳಸಬಹುದು.

ಪಟಿಕ ಮತ್ತು ಸುಣ್ಣ ಹಾಕಿ ಕದಡುವ ನಲಗೊಂಡ ವಿಧಾನವೂ ಇದೆ. ಅಗ್ಗ, ಆದರೆ ಕೆಸರು ಜಾಸ್ತಿ. ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಒ ಯಂತ್ರವೂ ಫ್ಲೋರೈಡ್ ತೆಗೆಯುತ್ತದೆ, ಆದರೆ ಒಂದಷ್ಟು ನೀರನ್ನು ಹೊರಹಾಕುತ್ತದೆ. ಬರದ ಊರಿನಲ್ಲಿ ಅಷ್ಟು ನೀರು ಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಒಂದು ಎಚ್ಚರಿಕೆ: ಕಾಳು ತೊಳೆದ ನೀರಿನಲ್ಲಿ ಫ್ಲೋರೈಡ್ ತುಂಬಿರುತ್ತದೆ. ಅದನ್ನು ಸುಮ್ನೆ ಚರಂಡಿಗೆ ಬಿಡಬಾರದು. ಸುಣ್ಣ ಬೆರೆಸಿದರೆ ಬಹುಪಾಲು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳ ಸೇರುತ್ತದೆ. ಆ ಕೆಸರನ್ನು ಬಾವಿಗಳಿಂದ ದೂರ, ಮಳೆನೀರು ತಾಗದ ಕಡೆ ಇಡಬೇಕು.