ಗುಂಪು ಪ್ರಾಜೆಕ್ಟ್‌ನಲ್ಲಿ ಯಾರು ಎಷ್ಟು ಕೆಲಸ ಮಾಡಿದರು? ವಿಕಿ ಹೇಳುತ್ತದೆ

ಪ್ರಶ್ನೆ: ನಾನು ಶಿಕಾರಿಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. 9ನೇ ತರಗತಿಗೆ ಗುಂಪು ಪ್ರಾಜೆಕ್ಟ್ ಕೊಟ್ಟರೆ ಒಬ್ಬಳು ಕೂತು ಬರೆಯುತ್ತಾಳೆ, ಉಳಿದ ನಾಲ್ವರು ಹೆಸರು ಸೇರಿಸಿಕೊಳ್ಳುತ್ತಾರೆ. ಈ ಸಲ ಚಾರ್ಟ್ ಬಿಟ್ಟು, ಎಲ್ಲರೂ ಸೇರಿ ಬರೆದು ತಿದ್ದಬಹುದಾದ ವಿಕಿ ಪುಟದಲ್ಲೋ ಗೂಗಲ್ ಡಾಕ್ಸ್‌ನಲ್ಲೋ ಮಾಡಿಸೋಣ ಅಂತಿದ್ದೇನೆ. ಲ್ಯಾಬ್‌ನಲ್ಲಿ ಕಂಪ್ಯೂಟರ್ ಇವೆ, ನೆಟ್ ಮಾತ್ರ ಆಗಾಗ ಕೈಕೊಡುತ್ತದೆ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಉತ್ತರ: ಇದೆ ಮೇಡಂ. ಆದರೆ ಚಾರ್ಟ್ ಹೋಗಿ ಕಂಪ್ಯೂಟರ್ ಬಂದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಒಬ್ಬಳೇ ಬರೆದು ಐವರ ಹೆಸರು ಹಾಕುವುದನ್ನು ಗೂಗಲ್ ಡಾಕ್ಸ್‌ನಲ್ಲೂ ಮಾಡಬಹುದು. ವಿಕಿಯ ಬೆಲೆ ಇರುವುದು ಅದರ ‘ಇತಿಹಾಸ’ದಲ್ಲಿ. ಯಾರು ಯಾವ ಸಾಲು ಸೇರಿಸಿದರು, ಯಾವಾಗ, ಯಾವುದನ್ನು ತೆಗೆದರು ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಪಕ್ಕದಲ್ಲೇ ‘ಚರ್ಚೆ’ ಪುಟ ಇರುತ್ತದೆ. ಯಾಕೆ ತೆಗೆದೆ, ಯಾಕೆ ಸೇರಿಸಿದೆ ಅನ್ನುವ ಮಾತು ಅಲ್ಲಿ ನಡೆಯುತ್ತದೆ. ಅಂಕದ ದೊಡ್ಡ ಪಾಲನ್ನು ಈ ಎರಡಕ್ಕೆ ಇಡಿ. ಪುಟ ನೋಡಲು ಚೆನ್ನಾಗಿದೆಯಾ ಅನ್ನುವುದಕ್ಕೆ ಕಾಲು ಭಾಗ ಸಾಕು.

ನಿಮ್ಮ ತಾಲ್ಲೂಕಿನದೇ ಉದಾಹರಣೆ ತಗೊಳ್ಳೋಣ. ಕದಂಬರ ಕಾಲದ ತಾಳಗುಂದದ ಸ್ತಂಭ ಶಾಸನದ ಬಗ್ಗೆ ಒಂದು ಗುಂಪು ಪುಟ ಕಟ್ಟುತ್ತಿದೆ ಅಂತಿಟ್ಟುಕೊಳ್ಳಿ. ಒಬ್ಬಳು ‘ಈ ಶಾಸನವನ್ನು ಕಾಕುಸ್ಥವರ್ಮ ಬರೆಸಿದ’ ಅಂತ ಬರೆಯುತ್ತಾಳೆ. ಇನ್ನೊಬ್ಬ ಅದನ್ನು ಅಳಿಸಿ ‘ಶಾಂತಿವರ್ಮ ಬರೆಸಿದ’ ಅಂತ ಹಾಕುತ್ತಾನೆ. ಚರ್ಚೆ ಪುಟದಲ್ಲಿ ಅವಳು ಕೇಳುತ್ತಾಳೆ: ‘ಎಲ್ಲಿದೆ, ತೋರಿಸು.’ ಈಗ ಇಬ್ಬರೂ ಹುಡುಕಲೇಬೇಕು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ 7ನೇ ಸಂಪುಟ ತೆಗೆದರೆ ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ ಅದೇ. ಅಲ್ಲಿಂದ ಗೊತ್ತಾಗುತ್ತದೆ: ಶಿವಾಲಯದ ಹತ್ತಿರ ಕೆರೆ ಕಟ್ಟಿಸಿದವನು ಕಾಕುಸ್ಥವರ್ಮ, ಶಾಸನ ಹಾಕಿಸಿದ್ದು ಅವನ ಮಗ ಶಾಂತಿವರ್ಮ, ಪದ್ಯ ರಚಿಸಿದ ಕವಿ ಕುಬ್ಜ. ಅವಳದು ಪೂರ್ತಿ ತಪ್ಪಲ್ಲ, ಎರಡು ಸಂಗತಿ ಕಲಸಿಹೋಗಿದ್ದವು ಅಷ್ಟೇ. ತಿದ್ದಿದ ಹುಡುಗನಿಗೆ ಅಂಕ ಕೊಡಿ, ಆಧಾರ ಕೇಳಿದ ಹುಡುಗಿಗೂ ಕೊಡಿ. ಚಾರ್ಟ್ ಮೇಲೆ ಈ ಜಗಳ ನಿಮಗೆ ಕಾಣುತ್ತಲೇ ಇರಲಿಲ್ಲ, ಅಲ್ವಾ?

ಗೂಗಲ್ ಡಾಕ್ಸ್ ಆರಿಸಿಕೊಂಡರೆ ಒಂದು ಎಚ್ಚರಿಕೆ. ‘ಲಿಂಕ್ ಇದ್ದವರೆಲ್ಲ ತಿದ್ದಬಹುದು’ ಅಂತ ತೆರೆದಿಟ್ಟು, ಮಕ್ಕಳು ಲಾಗಿನ್ ಆಗದೆ ಬರೆದರೆ, ಹಿಂದಿನ ಆವೃತ್ತಿಗಳಲ್ಲಿ ಹೆಸರು ಬರುವುದಿಲ್ಲ. ಎಲ್ಲರೂ ‘ಅನಾಮಧೇಯ’ರೇ. ಆಗ ನೀವು ಹೊರಟ ಕೆಲಸವೇ ಕೆಟ್ಟಂತೆ. ಖಾತೆ ಇಲ್ಲದ ಮಕ್ಕಳಿಗೆ ಈಥರ್‌ಪ್ಯಾಡ್ ಅನ್ನುವ, ಒಟ್ಟಿಗೆ ಬರೆಯುವ ತಂತ್ರಾಂಶ ಒಳ್ಳೆಯದು. ಹೆಸರು ಬರೆದು ಬಣ್ಣ ಆರಿಸಿಕೊಂಡರೆ ಸಾಕು, ಯಾರು ಬರೆದದ್ದು ಯಾವುದು ಅಂತ ಬಣ್ಣದಲ್ಲೇ ಕಾಣುತ್ತದೆ. ಪುಟ ಮೊದಲ ಅಕ್ಷರದಿಂದ ಹೇಗೆ ಬೆಳೆಯಿತು ಅಂತ ವಿಡಿಯೊ ತರಹ ಓಡಿಸಿಯೂ ನೋಡಬಹುದು. ಇದನ್ನು ಮಕ್ಕಳ ಎದುರೇ ಓಡಿಸಿ.

ನೆಟ್ ಕೈಕೊಡುವ ಲ್ಯಾಬ್‌ಗೆ ನನ್ನ ಸಲಹೆ ಡೊಕುವಿಕಿ ಅನ್ನುವ ವಿಕಿ ತಂತ್ರಾಂಶ. ಡೇಟಾಬೇಸ್ ಬೇಡ, ಪುಟಗಳು ಸಾದಾ ಟೆಕ್ಸ್ಟ್ ಫೈಲ್‌ಗಳಾಗಿ ಉಳಿಯುತ್ತವೆ. ಒಂದು ಕಂಪ್ಯೂಟರ್‌ನಲ್ಲಿ ಹಾಕಿದರೆ ಲ್ಯಾಬ್‌ನ ಒಳಗಿನ ನೆಟ್‌ವರ್ಕ್‌ನಲ್ಲೇ ಎಲ್ಲರೂ ಬರೆಯಬಹುದು. ಇನ್ನೊಂದು ಮಾತು, ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಲ್ಲೂ ಒಂದೇ ತರಹ ಓದಿಸುವ ಅಕ್ಷರ ಸಂಕೇತ) ಅಲ್ಲದೆ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲ ದಿನವೇ ಯೂನಿಕೋಡ್ ಕೀಲಿಮಣೆ ಹಾಕಿಕೊಡಿ.

ಪಾಠದ ಸಾಮಗ್ರಿ ಬೇಕಿದ್ದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನುವ ಕನ್ನಡ ವಿಕಿಯನ್ನು ನೋಡಿ. ನಮ್ಮ ರಾಜ್ಯದ ಶಿಕ್ಷಕರಿಗಾಗಿಯೇ ಮಾಡಿದ್ದು.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುವುದನ್ನೇ ಅಸೈನ್‌ಮೆಂಟ್ ಮಾಡಿದ್ದೆ. ಅರ್ಧಕ್ಕರ್ಧ ಲೇಖನಗಳನ್ನು ಅಳಿಸಿಬಿಟ್ಟರು. ವಿದ್ಯಾರ್ಥಿಗಳಿಗೆ ಬೇಜಾರಾಗಿದೆ. ತಪ್ಪು ಎಲ್ಲಿ?

ಉತ್ತರ: ಬೇಜಾರಾಗುವುದು ಸಹಜ ಸರ್. ಆದರೆ ಅಳಿಸಿದವರೂ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿರುವುದು ಅಂಥವರಿಂದಲೇ. ಅವರ ಕಷ್ಟ ಅರ್ಥವಾಗಬೇಕಾದರೆ ಪುಣೆಯ ಕಥೆ ಗೊತ್ತಿರಬೇಕು. 2011ರಲ್ಲಿ ಅಲ್ಲಿನ ಕೆಲವು ಕಾಲೇಜುಗಳಲ್ಲಿ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಇದೇ ತರಹದ ಕಾರ್ಯಕ್ರಮ ನಡೆಸಿತು. ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆದರು. ಪುಸ್ತಕ, ವೆಬ್‌ಸೈಟ್‌ಗಳಿಂದ ಎತ್ತಿ ಹಾಕಿದ್ದು ಎಷ್ಟಾಯಿತೆಂದರೆ ಅಳಿಸುವವರಿಗೆ ಸಾಕುಸಾಕಾಯಿತು. ಕಾರ್ಯಕ್ರಮವನ್ನು ಅದೇ ವರ್ಷ ನಿಲ್ಲಿಸಬೇಕಾಯಿತು.

ನಿಮ್ಮಲ್ಲೂ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಾರಣ ಇರುತ್ತದೆ. ಬೇರೆಲ್ಲಿಂದಲೋ ನಕಲು ಮಾಡಿರುತ್ತಾರೆ. ಇಲ್ಲವೇ ಆಧಾರ ಕೊಟ್ಟಿರುವುದಿಲ್ಲ. ಇಲ್ಲವೇ ಯಂತ್ರಾನುವಾದವನ್ನು ಓದಿ ತಿದ್ದದೆ ಹಾಗೇ ಹಾಕಿರುತ್ತಾರೆ. ಅಜ್ಜಿ ಹೇಳಿದ ಊರಿನ ಕಥೆ ಎಷ್ಟೇ ಚೆನ್ನಾಗಿದ್ದರೂ, ಪ್ರಕಟವಾದ ಆಧಾರ ಇಲ್ಲದಿದ್ದರೆ ವಿಕಿಪೀಡಿಯದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ತರಗತಿಯ ಸ್ವಂತ ವಿಕಿಯೇ ಸರಿಯಾದ ಜಾಗ.

ಮುಂದಿನ ಸಲ ಎಲ್ಲರೂ ತಮ್ಮ ಖಾತೆಯ ಪ್ರಯೋಗಪುಟದಲ್ಲೇ (ಕರಡು ಬರೆಯುವ ಜಾಗ) ಬರೆಯಲಿ. ಸಹಪಾಠಿಗಳು ಓದಿ ತಿದ್ದಲಿ. ನೀವು ಒಪ್ಪಿದ ಮೇಲೆ ಲೇಖನವಾಗಲಿ. ಸೆಮಿಸ್ಟರ್ ಶುರುವಿನಲ್ಲೇ ವಿಕಿಪೀಡಿಯದ ‘ಅರಳಿ ಕಟ್ಟೆ’ ಅನ್ನುವ ಸಮುದಾಯದ ಚರ್ಚಾ ಪುಟದಲ್ಲಿ ‘ಇಂಥ ತರಗತಿ ಬರೆಯುತ್ತಿದೆ, ನೋಡಿಕೊಳ್ಳಿ’ ಅಂತ ತಿಳಿಸಿ. ಕಾಲೇಜಿನ ಒಂದೇ ನೆಟ್ ಸಂಪರ್ಕದಿಂದ ದಿನಕ್ಕೆ ಆರು ಹೊಸ ಖಾತೆಗಿಂತ ಜಾಸ್ತಿ ತೆರೆಯಲು ಬಿಡುವುದಿಲ್ಲ. ಏಳನೆಯವನಿಗೆ ‘ಆಗಲ್ಲ’ ಅಂತ ಬರುತ್ತದೆ, ಇಡೀ ಪೀರಿಯಡ್ ಹಾಳು. ಹಿಂದಿನ ದಿನ ಮನೆಯಲ್ಲಿ ಮೊಬೈಲ್ ಡೇಟಾದಿಂದಲೇ ಖಾತೆ ತೆರೆದುಕೊಂಡು ಬರಲು ಹೇಳಿ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ವಿಕಿಪೀಡಿಯಕ್ಕೆ ಬರೆದಿದ್ದಾರೆ. ಅಲ್ಲಿನ ಅಧ್ಯಾಪಕರನ್ನು ವಿಚಾರಿಸಿ.

ಕನ್ನಡ ತರಗತಿಗೆ ನಾನು ಇನ್ನೂ ಜಾಸ್ತಿ ಇಷ್ಟಪಡುವುದು ವಿಕಿಸೋರ್ಸ್, ಅಂದರೆ ವಿಕಿಪೀಡಿಯದ ಜೊತೆಗಿನ ಆನ್‌ಲೈನ್ ಗ್ರಂಥಾಲಯ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಸ್ಕ್ಯಾನ್ ಪುಟ ಒಂದು ಕಡೆ, ಯಂತ್ರ ಓದಿದ ಅಕ್ಷರ ಇನ್ನೊಂದು ಕಡೆ. ಎರಡನ್ನೂ ಹೋಲಿಸಿ ತಿದ್ದಬೇಕು. ಅನುಸ್ವಾರ ಸೊನ್ನೆಯಾಗಿರುತ್ತದೆ, ಒತ್ತಕ್ಷರ ಮಾಯವಾಗಿರುತ್ತದೆ. ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ಓದಿ ಸರಿ ಅಂದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಆಗುವುದಿಲ್ಲ. ಹಾಗಾಗಿ ಇಬ್ಬರು ಓದಲೇಬೇಕು! ಹಳಗನ್ನಡದ ಒಂದು ಪದ್ಯವನ್ನು ಹೀಗೆ ಅಕ್ಷರ ಅಕ್ಷರ ಓದಿದ ವಿದ್ಯಾರ್ಥಿಗೆ ಅದು ಗೈಡ್ ಓದಿದವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ವಿಕಿಪೀಡಿಯದಲ್ಲಿ ಆಗುವ ಹಾಗೆ ‘ವಿಷಯಕ್ಕೆ ಪ್ರಾಮುಖ್ಯತೆ ಇಲ್ಲ’ ಅಂತ ಅಳಿಸುವ ಪ್ರಶ್ನೆಯೂ ಇಲ್ಲಿ ಬರುವುದಿಲ್ಲ.

ಪ್ರಶ್ನೆ: ಮಕ್ಕಳು ಚಾಟ್‌ಜಿಪಿಟಿಯಲ್ಲಿ ಬರೆಸಿ ಅಂಟಿಸಿದರೆ ಈ ಇತಿಹಾಸದಿಂದ ಗೊತ್ತಾಗುತ್ತದಾ?

ಉತ್ತರ: ಸುಳಿವು ಸಿಗುತ್ತದೆ. ನಾಲ್ಕು ಪ್ಯಾರಾ ಒಂದೇ ಸಲ ಬಂದು ಬಿದ್ದು, ಆಮೇಲೆ ಒಂದು ಕಾಗುಣಿತವೂ ಬದಲಾಗದಿದ್ದರೆ ಕೇಳಲೇಬೇಕು. ಅದೇ ಸಾಕ್ಷಿ ಅಂತ ಮಾತ್ರ ತಿಳಿಯಬೇಡಿ. ನೋಟ್‌ಬುಕ್‌ನಲ್ಲಿ ಬರೆದು ಒಟ್ಟಿಗೆ ಟೈಪ್ ಮಾಡುವ ಮಕ್ಕಳೂ ಇದ್ದಾರೆ. ಪಕ್ಕದಲ್ಲಿ ಕೂರಿಸಿಕೊಂಡು ‘ಈ ಸಾಲು ಎಲ್ಲಿಂದ ಬಂತು?’ ಅಂತ ಮೆತ್ತಗೆ ಕೇಳಿ. ಓದಿ ಬರೆದವರು ಪುಸ್ತಕ ತೆಗೆದು ತೋರಿಸುತ್ತಾರೆ.

ಪ್ರಶ್ನೆ: ಮಗಳು 9ನೇ ತರಗತಿ. ಶಾಲೆಯಲ್ಲಿ ಆನ್‌ಲೈನ್ ವಿಕಿಗೆ ಬರೆಸುತ್ತಾರಂತೆ. ಅವಳ ಹೆಸರು, ಫೋಟೊ ಎಲ್ಲರಿಗೂ ಕಾಣುತ್ತದಾ ಅಂತ ಭಯ.

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. ಮುಖ್ಯವಾದ ವಿಷಯ ಇದು: ವಿಕಿಯಲ್ಲಿ ಒಮ್ಮೆ ಉಳಿಸಿದ್ದನ್ನು ಪುಟದಿಂದ ಅಳಿಸಿದರೂ ಇತಿಹಾಸದಲ್ಲಿ ಇರುತ್ತದೆ. ಅಲ್ಲಿಂದ ಮರೆಮಾಡಲು ನಿರ್ವಾಹಕರನ್ನೇ ಕೇಳಬೇಕು. ಆದ್ದರಿಂದ ನಿಜವಾದ ಹೆಸರು, ಶಾಲೆ, ಫೋನ್ ನಂಬರ್, ಫೋಟೊ ಯಾವುದೂ ಬೇಡ. ವಿಕಿಪೀಡಿಯ ನಿಜವಾದ ಹೆಸರು ಕೇಳುವುದೇ ಇಲ್ಲ. ಯಾವ ಅಡ್ಡಹೆಸರು ಯಾರದ್ದು ಅನ್ನುವ ಪಟ್ಟಿ ಶಿಕ್ಷಕರ ಹತ್ತಿರ ಕಾಗದದಲ್ಲಿ ಇದ್ದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ ಅದು ಹೇಳುತ್ತದೆ. ಹಾಗಾಗಿ ಶಾಲೆಯನ್ನು ಧೈರ್ಯವಾಗಿ ಕೇಳಿ: ಪುಟ ಯಾರಿಗೆಲ್ಲ ಕಾಣುತ್ತದೆ, ವರ್ಷ ಮುಗಿದ ಮೇಲೆ ಖಾತೆ ಏನಾಗುತ್ತದೆ? ಶಾಲೆ ಕೊಟ್ಟ ಖಾತೆ ಮುಚ್ಚುವುದಾದರೆ, ಅದಕ್ಕೆ ಮೊದಲೇ ಮಗಳು ತಾನು ಬರೆದದ್ದನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಲಿ.