ತೊಟ್ಟಿಯ ಲೆಕ್ಕ ಕೆಟ್ಟಿದ್ದು 22/7ರಿಂದಲ್ಲ

ಪ್ರಶ್ನೆ: ಕಬ್ಬಿನ ಗದ್ದೆ ಪಕ್ಕ ದುಂಡನೆಯ ನೀರಿನ ತೊಟ್ಟಿ ಕಟ್ಟಿಸಿದ್ದೇನೆ. ಒಳಗೆ ವ್ಯಾಸ 12 ಅಡಿ, ಆಳ 5 ಅಡಿ, ಗೋಡೆ ದಪ್ಪ ನಾಲ್ಕೂವರೆ ಇಂಚು. 22/7ರಿಂದ ಗುಣಿಸಿದರೆ ಸುತ್ತಳತೆ 37 ಅಡಿ ಎಂಟೂವರೆ ಇಂಚು ಬರುತ್ತದೆ. ಟೇಪ್ ಸುತ್ತಿ ನೋಡಿದರೆ 40 ಅಡಿ! ಮಗಳು '22/7 ಸರಿಯಿಲ್ಲ, 3.14 ಹಾಕಿ' ಅನ್ನುತ್ತಾಳೆ. ಯಾವುದು ಸರಿ? ತೊಟ್ಟಿ ಎಷ್ಟು ಲೀಟರ್ ಹಿಡಿಯುತ್ತದೆ?
– ಓದುಗರೊಬ್ಬರು, ಪಾಂಡವಪುರ

ಉತ್ತರ: 3.14 ಹಾಕಿದರೂ ನಿಮ್ಮ ಲೆಕ್ಕ ಕೂಡುವುದಿಲ್ಲ. ನಿಮ್ಮ ತೊಟ್ಟಿಗೆ ಈ ಎರಡು ಬೆಲೆಗಳ ನಡುವಿನ ವ್ಯತ್ಯಾಸ ಅರ್ಧ ಇಂಚೂ ಇಲ್ಲ. ನಿಮಗೆ ಜಾಸ್ತಿ ಬಂದಿರುವುದು ಎರಡು ಅಡಿಗಿಂತ ಹೆಚ್ಚು.

ವ್ಯಾಸ ಅಳೆದದ್ದು ಒಳಗೆ, ಟೇಪ್ ಸುತ್ತಿದ್ದು ಹೊರಗೆ. ಅಲ್ವಾ? ಗೋಡೆ ಎರಡೂ ಕಡೆ ಸೇರಿ 9 ಇಂಚು. ಅಂದರೆ ಹೊರಗಿನ ವ್ಯಾಸ 12 ಅಡಿ 9 ಇಂಚು. ಆ 9 ಇಂಚನ್ನು ಪೈನಿಂದ (ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ; 22/7, 3.14 ಎರಡೂ ಅದರ ಅಂದಾಜು ಬೆಲೆಗಳೇ) ಗುಣಿಸಿ: 28 ಇಂಚಿನ ಮೇಲೆ ಚೂರು. ಅದೇ ನಿಮ್ಮ 2 ಅಡಿ 4 ಇಂಚು. ಕೂಡಿಸಿದರೆ 40 ಅಡಿ ಬಂತು. ಇಲ್ಲೊಂದು ಮಜಾ ಇದೆ. ಕನ್ನಂಬಾಡಿಯ ಹಿನ್ನೀರನ್ನೆಲ್ಲ ಸುತ್ತುವಷ್ಟು ದೊಡ್ಡ ವೃತ್ತ ಎಳೆದು, ಅದರ ವ್ಯಾಸಕ್ಕೆ 9 ಇಂಚು ಸೇರಿಸಿದರೂ ಸುತ್ತಳತೆ ಬೆಳೆಯುವುದು ಅದೇ 28 ಇಂಚು. ವೃತ್ತ ಚಿಕ್ಕದೋ ದೊಡ್ಡದೋ, ಪೈ ಬದಲಾಗುವುದಿಲ್ಲವಲ್ಲ.

ಇನ್ನು ಅಪ್ಪ–ಮಗಳ ಜಗಳ. ಪೈ ಬೆಲೆ 3.14159… ಎಂದು ಮುಗಿಯದೆ ಸಾಗುತ್ತದೆ. 22/7 ಅದಕ್ಕಿಂತ ಸ್ವಲ್ಪ ಹೆಚ್ಚು, 3.14 ಸ್ವಲ್ಪ ಕಡಿಮೆ. ನಿಮ್ಮ ತೊಟ್ಟಿಯ ಸುತ್ತಳತೆಯಲ್ಲಿ 22/7 ಸುಮಾರು ನಾಲ್ಕೂವರೆ ಮಿಲಿಮೀಟರ್ ಹೆಚ್ಚು ತೋರಿಸುತ್ತದೆ, 3.14 ಸುಮಾರು 6 ಮಿಲಿಮೀಟರ್ ಕಡಿಮೆ. ಕೂದಲೆಳೆಯಲ್ಲಿ ಗೆದ್ದಿದ್ದು ನೀವೇ. ಆದರೆ ಮಗಳ ಅನುಮಾನವೂ ಸುಮ್ನೆ ಬಂದದ್ದಲ್ಲ. ವ್ಯಾಸ 20,000 ಇದ್ದರೆ ಸುತ್ತಳತೆ 62,832 ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದ. ಭಾಗಿಸಿದರೆ 3.1416. ಇದು ಹತ್ತಿರದ ಬೆಲೆ ಮಾತ್ರ ಎಂದೂ ಹೇಳಿದ. ಯಾವ ಭಿನ್ನರಾಶಿಯೂ ಪೈಗೆ ಪೂರ್ತಿ ಸಮವಾಗದು ಎಂದು ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿ ತೋರಿಸಿದ್ದು 1760ರ ದಶಕದಲ್ಲಿ. ನಿಮ್ಮ ಟೇಪಿಗೆ ಇದ್ಯಾವುದೂ ಬೇಕಿಲ್ಲ. ಅದು ಒಂದು ಕಡೆ ಜೋತುಬಿದ್ದರೆ ಇದಕ್ಕಿಂತ ದೊಡ್ಡ ತಪ್ಪಾಗುತ್ತದೆ.

ಒಳಗಿನ ವ್ಯಾಸವನ್ನೂ ಒಮ್ಮೆ ಪರೀಕ್ಷಿಸಿ. ಟೇಪಿನ ತುದಿಯನ್ನು ಒಳ ಅಂಚಿನ ಒಂದು ಜಾಗದಲ್ಲಿ ಹಿಡಿಸಿ, ಇನ್ನೊಂದು ತುದಿಯನ್ನು ಎದುರಿನ ಅಂಚಿನಲ್ಲಿ ಆಚೀಚೆ ಸರಿಸಿ. ಅತಿ ಹೆಚ್ಚು ಬರುವ ಅಳತೆಯೇ ವ್ಯಾಸ. ಬೇರೆ ದಿಕ್ಕಿನಲ್ಲೂ ನೋಡಿ. ನಡುವೆ ಗೂಟ ಹೊಡೆದು ಹುರಿ ಸುತ್ತಿಸಿ ಕಟ್ಟಿದ್ದರೂ ತೊಟ್ಟಿ ಒಂದೆರಡು ಇಂಚು ಸೊಟ್ಟ ಇರಬಹುದು.

ಲೀಟರ್ ಲೆಕ್ಕಕ್ಕೆ ಒಳಗಿನ ಅಳತೆಯೇ ಬೇಕು. ವ್ಯಾಸದ ಅರ್ಧ 6 ಅಡಿ. 6×6×22/7×5 ಅಂದರೆ ಸುಮಾರು 566 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಲ್ಲಿಗೆ ಸುಮಾರು 16,000 ಲೀಟರ್. ಹೊರಗಿನ ವ್ಯಾಸ ಹಿಡಿದಿದ್ದರೆ 18,000 ಬರುತ್ತಿತ್ತು. ಇಲ್ಲದ ಎರಡು ಸಾವಿರ ಲೀಟರ್ ನಂಬಿ ಡ್ರಿಪ್ ಹಾಕಿಸಿದರೆ ಕಷ್ಟ. ಅಂಚಿನ ತನಕವಂತೂ ಯಾರೂ ತುಂಬಿಸುವುದಿಲ್ಲ. ಮೇಲೆ ಅರ್ಧ ಅಡಿ ಬಿಡುವುದಾದರೆ 14,400 ಲೀಟರ್ ಎಂದೇ ಇಟ್ಟುಕೊಳ್ಳಿ.